ಗೋಡೆಯ ಕಾಗದ, ಹಾಡಿನ ನೆನಪು: ಅಮೆರಿಕದ ಸಂಗೀತಚಿತ್ರಗಳ ಭಿತ್ತಿಪತ್ರ ಸಂಗ್ರಹದ ಇತಿಹಾಸ

ಜಾನಪದ ಅಧ್ಯಯನವು ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹದಿಂದ ಮೊದಲಾಗಿ ಇಂದು ಜನರ ನಿತ್ಯಬಳಕೆಯ ವಸ್ತುಗಳವರೆಗೆ ತನ್ನ ವ್ಯಾಪ್ತಿಯನ್ನು ಹಿಗ್ಗಿಸಿಕೊಂಡಿದೆ. ಒರಳು, ಬೀಸುವ ಕಲ್ಲು, ಕೌದಿ, ಬುಟ್ಟಿಗಳನ್ನು ಕುರಿತು ಭೌತಿಕ ಸಂಸ್ಕೃತಿಯ ಹೆಸರಿನಲ್ಲಿ ಸಾಕಷ್ಟು ಕೆಲಸ ನಡೆದಿದೆ. ಆದರೆ ಯಂತ್ರದಲ್ಲಿ ಸಾವಿರಗಟ್ಟಲೆ ಪ್ರತಿಗಳಾಗಿ ಅಚ್ಚಾಗಿ, ಕೆಲವು ದಿನ ಬೀದಿಯ ಗೋಡೆಯ ಮೇಲಿದ್ದು, ಮಳೆಗಾಳಿಗೆ ಹರಿದುಹೋಗುವ ಕಾಗದವನ್ನು ಅಧ್ಯಯನದ ಆಕರವೆಂದು ಒಪ್ಪಿಕೊಳ್ಳಲು ವಿದ್ವತ್‌ಲೋಕ ಬಹುಕಾಲ ಹಿಂಜರಿಯಿತು. ಚಲನಚಿತ್ರದ ಭಿತ್ತಿಪತ್ರ, ಎಂದರೆ ಜನರ ಮಾತಿನ ಪೋಸ್ಟರು, ಅಂತಹ ಒಂದು ಕಾಗದ. ಬಳಸಿ ಬಿಸಾಡುವುದಕ್ಕೆಂದೇ ಹುಟ್ಟಿದ ಈ ವಸ್ತು ಬಿಸಾಡಲ್ಪಡದೆ ಉಳಿದದ್ದು ಹೇಗೆ ಎಂಬುದು ಸಂಸ್ಕೃತಿಯ ಚರಿತ್ರಕಾರರು ಕೇಳಬೇಕಾದ ಪ್ರಶ್ನೆಯಾಗಿದೆ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಒಂದು ನಿರ್ದಿಷ್ಟ ಪ್ರಕಾರಕ್ಕೆ, ಅಂದರೆ ಅಮೆರಿಕದ ಸಂಗೀತಪ್ರಧಾನ ಚಲನಚಿತ್ರಗಳ ಭಿತ್ತಿಪತ್ರಗಳಿಗೆ, ಸೀಮಿತಗೊಳಿಸಿಕೊಂಡು ಪರಿಶೀಲಿಸುತ್ತದೆ. ಈ ಕಾಗದಗಳನ್ನು ತಯಾರಿಸಿದ ಸಂಸ್ಥೆಗಳು ಅವುಗಳನ್ನು ಉಳಿಸುವ ಉದ್ದೇಶ ಇಟ್ಟುಕೊಂಡಿರಲಿಲ್ಲ. ಅವುಗಳನ್ನು ಬಹುಮಟ್ಟಿಗೆ ಉಳಿಸಿದವರು ಖಾಸಗಿ ಸಂಗ್ರಾಹಕರು. ಆದರೆ ಸಂಗ್ರಾಹಕರ ಅಭಿರುಚಿ ಹಾಗೂ ಮಾರುಕಟ್ಟೆಯ ಬೆಲೆಗಳು ಯಾವುದು ಉಳಿಯಬೇಕು, ಯಾವ ರೂಪದಲ್ಲಿ ಉಳಿಯಬೇಕು ಎಂಬುದನ್ನೂ ತೀರ್ಮಾನಿಸಿದವು. ಹೀಗೆ ಉಳಿದ ಕಾಗದದಲ್ಲಿ ಜನಬಳಕೆಯ ಗುರುತುಗಳು ಎಷ್ಟರಮಟ್ಟಿಗೆ ಉಳಿದುಕೊಂಡಿವೆ ಎಂಬುದು ಇಲ್ಲಿಯ ಮುಖ್ಯ ಜಿಜ್ಞಾಸೆ.

ಹಾಡುವ ಚಿತ್ರ, ಮೂಕ ಕಾಗದ

1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ, ವಾರ್ನರ್ ಬ್ರದರ್ಸ್ ಸಂಸ್ಥೆಯ ‘ದಿ ಜಾಝ್ ಸಿಂಗರ್’ ಚಿತ್ರದಲ್ಲಿ ಪ್ರೇಕ್ಷಕರು ಆಲ್ ಜಾಲ್ಸನ್ ಹಾಡುವುದನ್ನು ಕಂಡರು ಮತ್ತು ಕೇಳಿದರು. ಎರಡೇ ವರ್ಷಗಳಲ್ಲಿ ಹಾಲಿವುಡ್‌ನ ಎಲ್ಲ ದೊಡ್ಡ ಸಂಸ್ಥೆಗಳೂ ಹಾಡು ಕುಣಿತಗಳ ಚಿತ್ರಗಳನ್ನು ತಯಾರಿಸತೊಡಗಿದವು. ಎಂ.ಜಿ.ಎಂ. ಸಂಸ್ಥೆಯ ‘ದಿ ಬ್ರಾಡ್‌ವೇ ಮೆಲಡಿ’ (1929) ಅತ್ಯುತ್ತಮ ಚಿತ್ರಕ್ಕೆ ನೀಡುವ ಆಸ್ಕರ್ ಪ್ರಶಸ್ತಿಯನ್ನು ಪಡೆದ ಮೊದಲ ವಾಕ್ಚಿತ್ರವೆನಿಸಿತು. ಪೂರ್ತಿ ಮಾತು, ಪೂರ್ತಿ ಹಾಡು, ಪೂರ್ತಿ ಕುಣಿತ ಎಂಬ ಅರ್ಥದ ಘೋಷಣೆ ಅಂದಿನ ಜಾಹೀರಾತುಗಳಲ್ಲಿ ರಾರಾಜಿಸಿತು.

ಹೊಸ ಪ್ರಕಾರವು ಭಿತ್ತಿಪತ್ರದ ಕಲಾವಿದನ ಮುಂದೆ ಒಂದು ತೊಡಕನ್ನು ತಂದೊಡ್ಡಿತು. ಸಾಹಸದ ಚಿತ್ರಕ್ಕೆ ಕುದುರೆ ಕೋವಿಗಳನ್ನು, ಭಯಾನಕ ಚಿತ್ರಕ್ಕೆ ಭೀಕರ ಮುಖವನ್ನು ಬರೆದರೆ ಸಾಕಾಗುತ್ತಿತ್ತು. ಕೇಳಬೇಕಾದ ಹಾಡನ್ನು ಕಾಗದದ ಮೇಲೆ ತೋರಿಸುವುದು ಹೇಗೆ? ಇದಕ್ಕೆ ಕಲಾವಿದರು ಕಂಡುಕೊಂಡ ದಾರಿಗಳು ಹಲವು. ಚಿತ್ರದ ಹೆಸರಿನ ಅಕ್ಷರಗಳನ್ನೇ ಓರೆಯಾಗಿ, ಅಲೆಯಾಗಿ ಬರೆದು ಕುಣಿತದ ಲಯವನ್ನು ಸೂಚಿಸುವುದು. ಒಂದೇ ಭಂಗಿಯ ನರ್ತಕಿಯರನ್ನು ಸಾಲಾಗಿ ನಿಲ್ಲಿಸುವುದು. ಹಾಡುಗಳ ಪಟ್ಟಿಯನ್ನೂ ಸಂಗೀತಕಾರರ ಹೆಸರನ್ನೂ ನಟರ ಹೆಸರಿನಷ್ಟೇ ಎದ್ದುಕಾಣುವಂತೆ ಅಚ್ಚಿಸುವುದು. ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರೋಜರ್ಸ್ ಅಭಿನಯದ ‘ಟಾಪ್ ಹ್ಯಾಟ್’ (1935) ಚಿತ್ರದ ಭಿತ್ತಿಪತ್ರಗಳಲ್ಲಿ ಹಾಡುಗಳನ್ನು ರಚಿಸಿದ ಅರ್ವಿಂಗ್ ಬರ್ಲಿನ್ ಅವರ ಹೆಸರು ಪ್ರಚಾರದ ಭಾಗವಾಗಿಯೇ ಬಂದಿದೆ. ಹಾಡುಗಳನ್ನು ಬಲ್ಲವರಿಗೆ ಆ ಹೆಸರೇ ಆಹ್ವಾನವಾಗಿತ್ತು.

ಈ ಪ್ರಕಾರದ ಏಳುಬೀಳುಗಳೂ ಪ್ರಚಾರದ ಕಾಗದದಲ್ಲಿ ದಾಖಲಾಗಿವೆ. 1930ರ ಹೊತ್ತಿಗೆ ಸಂಗೀತಚಿತ್ರಗಳು ಮಿತಿಮೀರಿ ಬಂದು ಪ್ರೇಕ್ಷಕರಿಗೆ ಬೇಸರ ಹುಟ್ಟಿತು. ತಮ್ಮದು ಹಾಡಿನ ಚಿತ್ರವಲ್ಲ ಎಂದು ಜಾಹೀರಾತಿನಲ್ಲಿ ಹೇಳಿಕೊಳ್ಳುವ ಸ್ಥಿತಿ ಬಂದಿತು. ಆರ್ಥಿಕ ಮುಗ್ಗಟ್ಟಿನ ನಡುವೆ 1933ರಲ್ಲಿ ಬಂದ ‘ಫಾರ್ಟಿಸೆಕೆಂಡ್ ಸ್ಟ್ರೀಟ್’ ಈ ಪ್ರಕಾರಕ್ಕೆ ಮರುಜೀವ ನೀಡಿತು. ಅದರ ನೃತ್ಯಸಂಯೋಜಕ ಬಸ್ಬಿ ಬರ್ಕ್‌ಲಿ ನರ್ತಕಿಯರ ಗುಂಪುಗಳನ್ನು ಮೇಲಿನಿಂದ ಚಿತ್ರೀಕರಿಸಿ ರಂಗೋಲಿಯಂತಹ ವಿನ್ಯಾಸಗಳನ್ನು ರೂಪಿಸುವುದರಲ್ಲಿ ಹೆಸರಾದವರು.

ಭಿತ್ತಿಪತ್ರವು ಚಿತ್ರದ ನಕಲಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ‘ಸಿಂಗಿನ್ ಇನ್ ದಿ ರೇನ್’ (1952) ಎಂದೊಡನೆ ಇಂದಿನ ಪ್ರೇಕ್ಷಕರಿಗೆ ನೆನಪಾಗುವುದು ಜೀನ್ ಕೆಲಿ ಮಳೆಯಲ್ಲಿ ಒಂಟಿಯಾಗಿ ದೀಪದ ಕಂಬವನ್ನು ಹಿಡಿದು ತೂಗುವ ದೃಶ್ಯ. ಆದರೆ ಅಮೆರಿಕದಲ್ಲಿ ಅಂದು ಹಂಚಿದ ಮುಖ್ಯ ಭಿತ್ತಿಪತ್ರದಲ್ಲಿರುವುದು ಕೆಲಿ, ಡೆಬಿ ರೆನಾಲ್ಡ್ಸ್ ಮತ್ತು ಡೊನಾಲ್ಡ್ ಓಕಾನರ್ ಮೂವರೂ ಮಳೆಯಂಗಿ ತೊಟ್ಟು ಕೊಡೆ ಹಿಡಿದು ಬರುವ ಚಿತ್ರ. ಸಾರ್ವಜನಿಕ ಸ್ಮೃತಿಯು ಕಾಲಕ್ರಮದಲ್ಲಿ ಬೇರೊಂದು ದೃಶ್ಯವನ್ನು ಆರಿಸಿಕೊಂಡಿತು. ಒಂದು ಕಥೆಯ ಪಾಠಾಂತರಗಳನ್ನು ಹೋಲಿಸಿ ನೋಡುವ ಜಾನಪದ ವಿದ್ವಾಂಸರಿಗೆ ಈ ಬಗೆಯ ಪಲ್ಲಟ ಅಪರಿಚಿತವಲ್ಲ.

ಕೆಲವು ಸಂದರ್ಭಗಳಲ್ಲಿ ಚಿತ್ರವೇ ನಾಶವಾಗಿ ಪ್ರಚಾರದ ಕಾಗದ ಮಾತ್ರ ಉಳಿದಿದೆ. ವಾರ್ನರ್ ಸಂಸ್ಥೆಯ ‘ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ’ (1929) ಅಂದಿನ ಎರಡು ಬಣ್ಣಗಳ ಟೆಕ್ನಿಕಲರ್ ವಿಧಾನದಲ್ಲಿ ತಯಾರಾಗಿ ಅಪಾರ ಜನಪ್ರಿಯತೆ ಗಳಿಸಿದ ಚಿತ್ರ. ಇಂದು ಅದರ ಧ್ವನಿಯನ್ನು ಮುದ್ರಿಸಿದ್ದ ತಟ್ಟೆಗಳು ಉಳಿದಿದ್ದರೂ ದೃಶ್ಯಭಾಗದಲ್ಲಿ ಕೊನೆಯ ಅಂಶ ಹಾಗೂ ಕೆಲವು ತುಣುಕುಗಳಷ್ಟೇ ದೊರೆಯುತ್ತವೆ. ಮೆಟ್ರೋಪಾಲಿಟನ್ ಆಪೆರಾದ ಪ್ರಸಿದ್ಧ ಗಾಯಕ ಲಾರೆನ್ಸ್ ಟಿಬೆಟ್ ನಟಿಸಿದ ‘ದಿ ರೋಗ್ ಸಾಂಗ್’ (1930) ಚಿತ್ರದ ಸ್ಥಿತಿಯೂ ಇದೇ. ಇಂತಹ ಚಿತ್ರಗಳ ವೇಷಭೂಷಣ, ಬಣ್ಣ, ಪ್ರಚಾರದ ಧಾಟಿಗಳನ್ನು ತಿಳಿಯಬೇಕೆಂದರೆ ಮುದ್ರಿತ ಕಾಗದದ ಸಾಕ್ಷ್ಯ ಅನಿವಾರ್ಯ. ಆಗ ಭಿತ್ತಿಪತ್ರ ಪ್ರಚಾರದ ಸಾಮಗ್ರಿಯಾಗಿ ಉಳಿಯದೆ ಮೂಲ ಆಕರವೇ ಆಗುತ್ತದೆ.

ಅಚ್ಚಿನ ಕಲ್ಲು ಮತ್ತು ಕಾಗದದ ಅಳತೆ

1930ರ ದಶಕದ ಉತ್ತಮ ಭಿತ್ತಿಪತ್ರಗಳು ಕಲ್ಲಚ್ಚಿನ ವಿಧಾನದಲ್ಲಿ ತಯಾರಾದಂಥವು. ಎಣ್ಣೆಯೂ ನೀರೂ ಬೆರೆಯುವುದಿಲ್ಲ ಎಂಬುದೇ ಈ ವಿಧಾನದ ತತ್ತ್ವ. ನುಣುಪಾದ ಸುಣ್ಣಕಲ್ಲಿನ ಮೇಲೆ, ಮುಂದೆ ಸತುವಿನ ತಗಡಿನ ಮೇಲೆ, ಜಿಡ್ಡಿನ ಬಳಪದಿಂದ ಬರೆದ ಚಿತ್ರ ಮಾತ್ರ ಶಾಯಿಯನ್ನು ಹಿಡಿಯುತ್ತಿತ್ತು. ಒದ್ದೆಯಾದ ಉಳಿದ ಭಾಗ ಶಾಯಿಯನ್ನು ದೂರವಿಡುತ್ತಿತ್ತು. ಒಂದೊಂದು ಬಣ್ಣಕ್ಕೂ ಒಂದೊಂದು ಫಲಕ ಬೇಕು. ಫಲಕಗಳನ್ನು ಒಂದರ ಮೇಲೊಂದು ತಪ್ಪದೆ ಕೂರಿಸುವುದು ನುರಿತ ಕೆಲಸಗಾರರ ಕೈಚಳಕಕ್ಕೆ ಬಿಟ್ಟದ್ದು. ಓಹಾಯೊ ರಾಜ್ಯದ ಕ್ಲೀವ್‌ಲೆಂಡಿನ ಮಾರ್ಗನ್ ಲಿಥೋಗ್ರಾಫ್ ಸಂಸ್ಥೆ ಈ ಕೆಲಸದಲ್ಲಿ ಹೆಸರಾಗಿತ್ತು. ಛಾಯಾಚಿತ್ರವನ್ನು ಚುಕ್ಕೆಗಳಾಗಿ ಒಡೆದು ಮುದ್ರಿಸುವ ಆಫ್‌ಸೆಟ್ ವಿಧಾನ 1940ರ ದಶಕದಲ್ಲಿ ಕ್ರಮೇಣ ಇದರ ಸ್ಥಾನವನ್ನು ಆಕ್ರಮಿಸಿತು. ಭೂತಗನ್ನಡಿಯಲ್ಲಿ ನೋಡಿದಾಗ ಕಲ್ಲಚ್ಚಿನಲ್ಲಿ ಬಳಪದ ಒರಟು ಕಣಗಳೂ ಆಫ್‌ಸೆಟ್‌ನಲ್ಲಿ ಕ್ರಮಬದ್ಧ ಚುಕ್ಕೆಗಳೂ ಕಾಣುತ್ತವೆ. ಮೂಲಪ್ರತಿಯನ್ನು ನಕಲಿನಿಂದ ಬೇರ್ಪಡಿಸಲು ಸಂಗ್ರಾಹಕರು ಅನುಸರಿಸುವ ಮೊದಲ ಪರೀಕ್ಷೆ ಇದೇ.

ಕಾಗದದ ಅಳತೆಗಳು ನಿಯತವಾಗಿದ್ದವು. ಚಿತ್ರಮಂದಿರದ ಹೊರಗಿನ ಗಾಜಿನ ಚೌಕಟ್ಟಿಗೆ 27×41 ಅಂಗುಲದ ‘ಒನ್ ಶೀಟ್’, ಅದರ ಸುಮಾರು ಮೂರು ಪಟ್ಟು ವಿಸ್ತೀರ್ಣದ, 41×81 ಅಂಗುಲದ ‘ತ್ರೀ ಶೀಟ್’, ಒಳಾಂಗಣಕ್ಕೆ ದಪ್ಪ ಕಾಗದದ 22×28 ಅಂಗುಲದ ‘ಹಾಫ್ ಶೀಟ್’ ಮತ್ತು 14×36 ಅಂಗುಲದ ‘ಇನ್ಸರ್ಟ್’, ಸಾಮಾನ್ಯವಾಗಿ ಎಂಟರ ಕಟ್ಟಾಗಿ ಬರುತ್ತಿದ್ದ 11×14 ಅಂಗುಲದ ‘ಲಾಬಿ ಕಾರ್ಡು’ಗಳು, ರಸ್ತೆಬದಿಯ ಫಲಕಕ್ಕೆ ಇಪ್ಪತ್ತನಾಲ್ಕು ಹಾಳೆಗಳ ಅಳತೆಯ ಬೃಹತ್ ಭಿತ್ತಿಪತ್ರ. ಈ ಕೊನೆಯದನ್ನು ತುಂಡುತುಂಡಾಗಿ ಅಚ್ಚಿಸಿ ಫಲಕಕ್ಕೆ ನೇರವಾಗಿ ಅಂಟಿಸುತ್ತಿದ್ದುದರಿಂದ ಅದು ಉಳಿದಿರುವುದು ತೀರ ಅಪರೂಪ. ಅಂಗಡಿಗಳ ಕಿಟಕಿಯಲ್ಲಿ ಇಡುತ್ತಿದ್ದ 14×22 ಅಂಗುಲದ ‘ವಿಂಡೋ ಕಾರ್ಡ್’ ಜಾನಪದದ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದುದು. ಅದರ ಮೇಲ್ತುದಿಯಲ್ಲಿ ಒಂದು ಪಟ್ಟಿಯನ್ನು ಖಾಲಿ ಬಿಟ್ಟಿರುತ್ತಿದ್ದರು. ಸ್ಥಳೀಯ ಚಿತ್ರಮಂದಿರದ ಮಾಲೀಕ ಅಲ್ಲಿ ತನ್ನ ಚಿತ್ರಮಂದಿರದ ಹೆಸರು, ದಿನಾಂಕ, ಕೆಲವೊಮ್ಮೆ ವೇಳೆ ಇವುಗಳನ್ನು ಅಚ್ಚಿಸುತ್ತಿದ್ದ ಇಲ್ಲವೇ ಕೈಯಿಂದ ಬರೆಯುತ್ತಿದ್ದ. ದೇಶವಿಡೀ ಒಂದೇ ಆಗಿದ್ದ ಕಾಗದಕ್ಕೆ ಒಂದು ಊರಿನ ಗುರುತು ಸೇರುತ್ತಿದ್ದುದು ಆ ಖಾಲಿ ಪಟ್ಟಿಯಲ್ಲಿ.

ಬಾಡಿಗೆಯ ಕಾಗದ ಮತ್ತು ಅದರ ನಾಶ

ಭಿತ್ತಿಪತ್ರಗಳು ಏಕೆ ಉಳಿಯಲಿಲ್ಲ ಎಂಬುದಕ್ಕೆ ಕಾರಣ ಅವುಗಳ ವಿತರಣೆಯ ಕ್ರಮದಲ್ಲಿದೆ. ಚಿತ್ರಮಂದಿರದ ಮಾಲೀಕ ಬಹುಪಾಲು ಈ ಕಾಗದಗಳನ್ನು ವಿತರಣಾ ಕೇಂದ್ರದಿಂದ ಬಾಡಿಗೆಗೆ ತರುತ್ತಿದ್ದ. ಪ್ರದರ್ಶನ ಮುಗಿದ ಮೇಲೆ ಅವುಗಳನ್ನು ಹಿಂದಿರುಗಿಸಬೇಕಾಗಿತ್ತು. ಒಂದೇ ಪ್ರತಿ ಪಟ್ಟಣದಿಂದ ಪಟ್ಟಣಕ್ಕೆ ಅಲೆದು, ಮೂಲೆಗಳಲ್ಲಿ ಮೊಳೆಯ ತೂತುಗಳನ್ನು ಹೊತ್ತು, ಹರಿದಾಗ ಹಿಂಬದಿಯಲ್ಲಿ ಪಟ್ಟಿ ಅಂಟಿಸಿಕೊಂಡು, ಕೊನೆಗೆ ಬಳಸಲಾಗದಂತಾದಾಗ ಕಸದ ರಾಶಿ ಸೇರುತ್ತಿತ್ತು.

1920ರ ಸುಮಾರಿಗೆ ಚಿತ್ರಗಳ ಮುನ್ನೋಟದ ತುಣುಕುಗಳನ್ನು ಒದಗಿಸಲು ಆರಂಭವಾದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಸಂಸ್ಥೆ 1940ರಿಂದ ಮುಂದಕ್ಕೆ ಹೆಚ್ಚಿನ ನಿರ್ಮಾಣ ಸಂಸ್ಥೆಗಳ ಭಿತ್ತಿಪತ್ರಗಳ ವಿತರಣೆಯನ್ನೂ ಹಂತಹಂತವಾಗಿ ವಹಿಸಿಕೊಂಡಿತು. ಕಾಗದದ ಕೆಳಬದಿಯಲ್ಲಿ ಅದು ಅಚ್ಚಿಸುತ್ತಿದ್ದ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿಗಳು ವರ್ಷವನ್ನೂ ಓರೆಗೆರೆಯ ನಂತರದ ಅಂಕಿಗಳು ಆ ವರ್ಷದ ಅನುಕ್ರಮವನ್ನೂ ಸೂಚಿಸುತ್ತವೆ. ಮರುಬಿಡುಗಡೆಯ ಪ್ರತಿಗಳಲ್ಲಿ ವರ್ಷದ ಹಿಂದೆ ‘ಆರ್’ ಎಂಬ ಅಕ್ಷರ ಇರುವುದುಂಟು. 1939ರಲ್ಲಿ ಮೊದಲು ತೆರೆಕಂಡ ‘ದಿ ವಿಝರ್ಡ್ ಆಫ್ ಓಝ್’ 1949 ಮತ್ತು 1955ರಲ್ಲಿ ಮತ್ತೆ ಬಿಡುಗಡೆಯಾಯಿತು. ಈ ಮೂರು ಸಂದರ್ಭಗಳ ಕಾಗದಗಳನ್ನು ಬೇರೆಬೇರೆಯಾಗಿ ಗುರುತಿಸುವಲ್ಲಿ ಇಂತಹ ಸಂಖ್ಯೆಗಳು ನೆರವಾಗುತ್ತವೆ. ಶಾಸನದ ಕಾಲನಿರ್ಣಯಕ್ಕೆ ಲಿಪಿಯ ಲಕ್ಷಣಗಳು ಹೇಗೋ ಭಿತ್ತಿಪತ್ರದ ಕಾಲನಿರ್ಣಯಕ್ಕೆ ಈ ಅಂಚಿನ ಅಂಕಿಗಳು ಹಾಗೆ.

ಒನ್ ಶೀಟ್ ಹಾಳೆಗಳನ್ನು 1980ರ ದಶಕದವರೆಗೆ ಸಾಮಾನ್ಯವಾಗಿ ಮಡಿಸಿಯೇ ಕಳುಹಿಸುತ್ತಿದ್ದರು. ಅಡ್ಡಕ್ಕೆ ಮೂರು, ಉದ್ದಕ್ಕೆ ಒಂದು ಮಡಿಕೆ ಬಿದ್ದು ಹಾಳೆ ಎಂಟು ಮನೆಗಳಾಗುತ್ತಿತ್ತು. ಹೀಗಾಗಿ ಮಡಿಕೆಯ ಗೆರೆ ದೋಷವೆನಿಸದೆ ಆ ಕಾಗದ ನಡೆದ ದಾರಿಯ ಗುರುತಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹಳೆಯ ಕಾಗದವನ್ನು ಮರುಬಳಕೆಗೆ ಒಟ್ಟುಗೂಡಿಸುವ ಅಭಿಯಾನಗಳು ನಡೆದುದೂ ಹಳೆಯ ಮುದ್ರಿತ ಸಾಮಗ್ರಿಯ ನಾಶಕ್ಕೆ ಕಾರಣವಾಯಿತು. ಉಳಿದ ಎಷ್ಟೋ ಪ್ರತಿಗಳು ಉಳಿದದ್ದು ಆಕಸ್ಮಿಕವಾಗಿ. ಚಳಿಯನ್ನು ತಡೆಯಲು ಮನೆಯ ಗೋಡೆಯ ಹಲಗೆಗಳ ನಡುವೆ, ನೆಲಹಾಸಿನ ಅಡಿಯಲ್ಲಿ ತುರುಕಿದ ಭಿತ್ತಿಪತ್ರಗಳು ದಶಕಗಳ ನಂತರ ದುರಸ್ತಿಯ ವೇಳೆ ಹೊರಬಂದಿವೆ. ಪೆನ್ಸಿಲ್ವೇನಿಯಾ ರಾಜ್ಯದ ಬರ್ವಿಕ್ ಎಂಬ ಪಟ್ಟಣದ ಮನೆಯೊಂದರ ಅಟ್ಟದಲ್ಲಿ, ಒಂದರ ಮೇಲೊಂದು ಅಂಟಿಸಿದ್ದ 1930-31ರ ಸುಮಾರಿನ 33 ಭಿತ್ತಿಪತ್ರಗಳು ದೊರೆತು, ಹಬೆಯ ಸಹಾಯದಿಂದ ಬಿಡಿಸಲ್ಪಟ್ಟು 2012ರಲ್ಲಿ ಹರಾಜಾದವು. ಜನರು ಅನ್ಯ ಪ್ರಯೋಜನಕ್ಕೆಂದು ಬಳಸಿದ್ದರಿಂದಲೇ ಕಾಗದ ಉಳಿಯಿತು ಎಂಬುದು ಭೌತಿಕ ಸಂಸ್ಕೃತಿಯ ಅಧ್ಯಯನಕ್ಕೆ ಅರ್ಥಪೂರ್ಣವಾದ ಸಂಗತಿ.

ಹೆಸರಿಲ್ಲದ ಕೈಗಳು

ಜನಪದ ಹಾಡಿನ ಕರ್ತೃ ಅಜ್ಞಾತ ಎನ್ನುವುದು ರೂಢಿಯ ಮಾತು. ಹಾಲಿವುಡ್ ಭಿತ್ತಿಪತ್ರಗಳ ಬಹುಪಾಲು ಕಲಾವಿದರೂ ಅಜ್ಞಾತರೇ. ಆದರೆ ಇವೆರಡರ ಕಾರಣಗಳು ಬೇರೆ. ಮೊದಲನೆಯದರಲ್ಲಿ ಹಾಡು ಬಾಯಿಂದ ಬಾಯಿಗೆ ಸಾಗುತ್ತ ಸಮುದಾಯದ ಸ್ವತ್ತಾಯಿತು. ಎರಡನೆಯದರಲ್ಲಿ ಕಲಾವಿದ ಸಂಬಳದ ಕೆಲಸಗಾರನಾಗಿದ್ದ, ಅವನ ರಚನೆ ಸಂಸ್ಥೆಯ ಸ್ವತ್ತಾಗಿತ್ತು. ಒಬ್ಬನು ಮುಖ ಬರೆದರೆ ಇನ್ನೊಬ್ಬನು ಅಕ್ಷರ ಬರೆಯುತ್ತಿದ್ದ. ಮತ್ತೊಬ್ಬನು ಅದನ್ನು ಕಲ್ಲಿಗೆ ಇಳಿಸುತ್ತಿದ್ದ. ಸಹಿ ಹಾಕುವ ಪದ್ಧತಿ ಇರಲಿಲ್ಲ.

ಈ ನಿಯಮಕ್ಕೆ ಅಪವಾದಗಳಿವೆ. ರೇಖಾಚಿತ್ರಗಳಿಗೆ ಪ್ರಸಿದ್ಧರಾದ ಆಲ್ ಹಿರ್ಷ್‌ಫೆಲ್ಡ್ ಎಂ.ಜಿ.ಎಂ. ಸಂಸ್ಥೆಗಾಗಿ ‘ದಿ ವಿಝರ್ಡ್ ಆಫ್ ಓಝ್’, ‘ಕ್ಯಾಬಿನ್ ಇನ್ ದಿ ಸ್ಕೈ’ (1943) ಮೊದಲಾದ ಚಿತ್ರಗಳ ಪ್ರಚಾರಚಿತ್ರಗಳನ್ನು ರಚಿಸಿದರು. ‘ದಿ ಸೌಂಡ್ ಆಫ್ ಮ್ಯೂಸಿಕ್’ (1965) ಚಿತ್ರಕ್ಕೆ ಹವರ್ಡ್ ಟರ್ಪ್‌ನಿಂಗ್, ‘ಮೈ ಫೇರ್ ಲೇಡಿ’ (1964) ಚಿತ್ರಕ್ಕೆ ಬಾಬ್ ಪೀಕ್, ‘ಹಲೋ ಡಾಲಿ’ (1969) ಚಿತ್ರಕ್ಕೆ ಆಗಿನ್ನೂ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಆಮ್ಸೆಲ್ ಕೆಲಸ ಮಾಡಿದರು ಎಂಬುದು ದಾಖಲಾಗಿದೆ.

ಕರ್ತೃತ್ವದ ಸಮಸ್ಯೆ ಎಷ್ಟು ಜಟಿಲವೆಂಬುದಕ್ಕೆ ‘ವೆಸ್ಟ್ ಸೈಡ್ ಸ್ಟೋರಿ’ (1961) ಉತ್ತಮ ನಿದರ್ಶನ. ಕೆಂಪು ಹಿನ್ನೆಲೆಯ ಮೇಲೆ ದಪ್ಪ ಕಪ್ಪು ಅಕ್ಷರಗಳು, ಆ ಅಕ್ಷರಗಳಿಗೆ ಜೋಡಿಸಿದ ಬೆಂಕಿಯ ಅವಘಡದ ಹೊರಮೆಟ್ಟಿಲು, ಅದರ ಮೇಲೆ ಕುಣಿಯುವ ಪುಟ್ಟ ಆಕೃತಿಗಳು ಇರುವ ಆ ವಿನ್ಯಾಸವನ್ನು ಸಾಲ್ ಬ್ಯಾಸ್ ಅವರದೆಂದು ಹಲವರು ಬಹುಕಾಲ ನಂಬಿದ್ದರು. ಆ ಚಿತ್ರದ ಶೀರ್ಷಿಕೆಯ ದೃಶ್ಯಗಳನ್ನು ಬ್ಯಾಸ್ ರೂಪಿಸಿದ್ದುದೇ ಈ ನಂಬಿಕೆಗೆ ಕಾರಣ. ಭಿತ್ತಿಪತ್ರದ ವಿನ್ಯಾಸ ಜೋ ಕ್ಯಾರಫ್ ಅವರದು. ತಮ್ಮ ಹೆಚ್ಚಿನ ಕೃತಿಗಳಿಗೆ ಸಹಿ ಹಾಕದ ಕ್ಯಾರಫ್ 2025ರ ಆಗಸ್ಟ್‌ನಲ್ಲಿ 103ನೆಯ ವಯಸ್ಸಿನಲ್ಲಿ ನಿಧನರಾದರು. ಪ್ರಸಿದ್ಧರ ಹೆಸರಿಗೆ ಅಜ್ಞಾತರ ಕೃತಿ ಸೇರಿಕೊಳ್ಳುವ ಪ್ರವೃತ್ತಿ ವಚನ, ಕೀರ್ತನೆ, ತತ್ತ್ವಪದಗಳ ಸಂಪಾದನೆಯಲ್ಲಿಯೂ ಕಂಡುಬರುವಂಥದು. ಅಚ್ಚಿನ ಯುಗದಲ್ಲಿಯೂ ಅದು ನಿಂತಿಲ್ಲ.

ಅಂಚಿಗೆ ಸರಿದ ಮುಖಗಳು

ಭಿತ್ತಿಪತ್ರದಲ್ಲಿ ಯಾರಿದ್ದಾರೆ ಎಂಬುದರಷ್ಟೇ ಯಾರಿಲ್ಲ ಎಂಬುದೂ ಮುಖ್ಯ. ಅಮೆರಿಕದ ಸಂಗೀತಚಿತ್ರಗಳು ಕಪ್ಪು ಜನರ ಸಂಗೀತ ಹಾಗೂ ನೃತ್ಯಪರಂಪರೆಗೆ ಅಪಾರವಾಗಿ ಋಣಿಯಾಗಿವೆ. ಆದರೂ ಜನಾಂಗ ಪ್ರತ್ಯೇಕತೆಯ ಕಾಲದಲ್ಲಿ ಕಪ್ಪು ಕಲಾವಿದರಿಗೆ ದೊರೆತ ಸ್ಥಾನ ಸೀಮಿತವಾಗಿತ್ತು. ಗಾಯಕಿ ಲೀನಾ ಹಾರ್ನ್ ಅವರ ಹಾಡುಗಳನ್ನು ಹಲವು ಎಂ.ಜಿ.ಎಂ. ಚಿತ್ರಗಳಲ್ಲಿ ಕಥೆಗೆ ತಳುಕು ಹಾಕದೆ ಬಿಡಿ ದೃಶ್ಯಗಳಾಗಿ ಇಡಲಾಗುತ್ತಿತ್ತು. ದಕ್ಷಿಣದ ರಾಜ್ಯಗಳಲ್ಲಿ ಪ್ರದರ್ಶಿಸುವಾಗ ಅವುಗಳನ್ನು ಕತ್ತರಿಸಿ ತೆಗೆಯಲು ಇದರಿಂದ ಅನುಕೂಲವಾಗುತ್ತಿತ್ತು. ಕಥೆಯಿಂದ ಕತ್ತರಿಸಬಹುದಾದವರಿಗೆ ಗೋಡೆಯ ಮೇಲೆ ಮುಖ್ಯ ಸ್ಥಾನ ದೊರೆಯುವುದು ಕಷ್ಟವಿತ್ತು.

ಸಂಪೂರ್ಣವಾಗಿ ಕಪ್ಪು ಕಲಾವಿದರನ್ನೇ ಒಳಗೊಂಡ ಸಂಗೀತಚಿತ್ರಗಳು ಕೆಲವೇ. ಕಿಂಗ್ ವೈಡರ್ ನಿರ್ದೇಶನದ ‘ಹಲ್ಲೆಲೂಯ’ (1929), ವಿನ್ಸೆಂಟ್ ಮಿನೆಲಿ ನಿರ್ದೇಶನದ ‘ಕ್ಯಾಬಿನ್ ಇನ್ ದಿ ಸ್ಕೈ’, ಬಿಲ್ ರಾಬಿನ್ಸನ್ ಮತ್ತು ಲೀನಾ ಹಾರ್ನ್ ನಟಿಸಿದ ‘ಸ್ಟಾರ್ಮಿ ವೆದರ್’ (1943), ಓಟೋ ಪ್ರೆಮಿಂಜರ್ ನಿರ್ದೇಶನದ ‘ಕಾರ್ಮೆನ್ ಜೋನ್ಸ್’ (1954) ಇವು ಆ ಸಾಲಿನಲ್ಲಿ ಪ್ರಮುಖವಾದವು. ಇಂತಹ ಚಿತ್ರಗಳ ಕಾಗದಗಳಿಗೆ ದೊಡ್ಡ ಸಂಗ್ರಹಾಲಯಗಳು ಗಮನ ಕೊಡದಿದ್ದ ಕಾಲದಲ್ಲಿ ಜಾನ್ ಕಿಶ್ ಎಂಬ ಛಾಯಾಗ್ರಾಹಕರು ಕಪ್ಪು ಜನರ ಚಲನಚಿತ್ರಗಳ ಭಿತ್ತಿಪತ್ರಗಳನ್ನು ದಶಕಗಳ ಕಾಲ ಕಲೆಹಾಕಿದರು. ‘ಸೆಪರೇಟ್ ಸಿನಿಮಾ’ ಎಂದು ಹೆಸರಾದ, 37,000ಕ್ಕೂ ಮಿಕ್ಕಿದ ವಸ್ತುಗಳ ಆ ಸಂಗ್ರಹವನ್ನು ಲಾಸ್ ಏಂಜಲಿಸ್‌ನ ಲ್ಯೂಕಸ್ ಮ್ಯೂಸಿಯಂ ಆಫ್ ನ್ಯಾರೆಟಿವ್ ಆರ್ಟ್ ತನ್ನದಾಗಿಸಿಕೊಂಡ ಸಂಗತಿ 2020ರಲ್ಲಿ ಪ್ರಕಟವಾಯಿತು. ಒಬ್ಬ ವ್ಯಕ್ತಿಯ ಆಸಕ್ತಿಯು ಒಂದು ಸಮುದಾಯದ ಚರಿತ್ರೆಗೆ ಆಕರವಾದುದಕ್ಕೆ ಇದು ಸಾಕ್ಷಿ. ಆ ಆಸಕ್ತಿ ಇಲ್ಲದಿದ್ದಲ್ಲಿ ಆಗಬಹುದಾಗಿದ್ದ ನಷ್ಟವನ್ನೂ ಇದು ನೆನಪಿಸುತ್ತದೆ.

ಸಂಗ್ರಾಹಕ, ಮಾರುಕಟ್ಟೆ ಮತ್ತು ದುರಸ್ತಿ

1970ರ ಮೇ ತಿಂಗಳಲ್ಲಿ ಎಂ.ಜಿ.ಎಂ. ಸಂಸ್ಥೆಯು ಕಲ್ವರ್ ಸಿಟಿಯಲ್ಲಿದ್ದ ತನ್ನ ಉಡುಪು ಹಾಗೂ ರಂಗಸಾಮಗ್ರಿಗಳನ್ನು ಹರಾಜಿಗಿಟ್ಟಿತು. ‘ದಿ ವಿಝರ್ಡ್ ಆಫ್ ಓಝ್’ ಚಿತ್ರದ ಕೆಂಪು ಪಾದರಕ್ಷೆಗಳ ಒಂದು ಜೊತೆ 15,000 ಡಾಲರುಗಳಿಗೆ ಮಾರಾಟವಾಯಿತು. ಸಂಸ್ಥೆಗೆ ಹೊರೆಯಾಗಿ ಕಂಡದ್ದು ಜನರಿಗೆ ಸ್ಮಾರಕವಾಗಿದೆ ಎಂಬುದನ್ನು ಆ ಹರಾಜು ತೋರಿಸಿಕೊಟ್ಟಿತು. 1974ರಲ್ಲಿ ಅದೇ ಸಂಸ್ಥೆ ತನ್ನ ಹಳೆಯ ಸಂಗೀತಚಿತ್ರಗಳ ಆಯ್ದ ಭಾಗಗಳನ್ನು ಜೋಡಿಸಿ ಹೊರತಂದ ‘ದಟ್ಸ್ ಎಂಟರ್ಟೈನ್‌ಮೆಂಟ್’ ಯಶಸ್ವಿಯಾದಾಗ ಹಳೆಯ ಪ್ರಕಾರದ ಬಗೆಗಿನ ಮೋಹ ಇನ್ನಷ್ಟು ಬೆಳೆಯಿತು. ಅಲ್ಲಿಯವರೆಗೆ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಕಾಗದ 1990ರ ದಶಕದ ಹೊತ್ತಿಗೆ ದೊಡ್ಡ ಹರಾಜು ಮನೆಗಳನ್ನು ಪ್ರವೇಶಿಸಿತು. ಜರ್ಮನಿಯ ‘ಮೆಟ್ರೋಪೊಲಿಸ್’ (1927) ಚಿತ್ರದ ಭಿತ್ತಿಪತ್ರವೊಂದು 2005ರಲ್ಲಿ 6,90,000 ಡಾಲರುಗಳಿಗೆ ಮಾರಾಟವಾದದ್ದು ಈ ಬೆಳವಣಿಗೆಯ ತುದಿ. ಅತಿ ಹೆಚ್ಚು ಬೆಲೆಗಳು ಭಯಾನಕ ಹಾಗೂ ವೈಜ್ಞಾನಿಕ ಕಲ್ಪನೆಯ ಚಿತ್ರಗಳ ಪಾಲಾಗಿರುವುದನ್ನೂ ಗಮನಿಸಬೇಕು. ಬೆಲೆ ಬಂದ ಕಾಗದಕ್ಕೆ ಆರೈಕೆ ಮೊದಲು ಸಲ್ಲುವುದರಿಂದ ಬೆಲೆಯ ಏರಿಳಿತಗಳೇ ಸಂರಕ್ಷಣೆಯ ಆದ್ಯತೆಗಳಾಗಿ ಪರಿಣಮಿಸುತ್ತವೆ.

ಬೆಲೆಯೊಂದಿಗೆ ದುರಸ್ತಿಯ ಪ್ರಶ್ನೆಯೂ ಬಂದಿತು. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿದ್ದು ಅದು ಕಾಲಕ್ರಮದಲ್ಲಿ ಕಂದಾಗಿ, ಬಿರುಸಾಗಿ, ಮಡಿಕೆಗಳಲ್ಲಿ ಮುರಿಯುತ್ತದೆ. ಅದನ್ನು ತೊಳೆದು ಆಮ್ಲವನ್ನು ತಗ್ಗಿಸಿ, ತೆಳುವಾದ ಕಾಗದ ಹಾಗೂ ಬಟ್ಟೆಯ ಮೇಲೆ ಗೋಧಿಹಿಟ್ಟಿನ ಅಂಟಿನಿಂದ ಕೂರಿಸುವ ವಿಧಾನ ಪ್ರಚಾರದಲ್ಲಿದೆ. ಬೇಕೆಂದಾಗ ನೀರಿನಿಂದ ಮತ್ತೆ ಬಿಡಿಸಲು ಬರುವಂತಿರುವುದು ಉತ್ತಮ ದುರಸ್ತಿಯ ಲಕ್ಷಣ. ಇದಿಷ್ಟೇ ಆದರೆ ಆಕ್ಷೇಪವಿಲ್ಲ. ಆದರೆ ಮಾರುಕಟ್ಟೆಯು ಹೊಸದರಂತೆ ಕಾಣುವ ಪ್ರತಿಯನ್ನೇ ಬಯಸುತ್ತದೆ. ಇದರಿಂದಾಗಿ ಮೊಳೆಯ ತೂತುಗಳನ್ನು ಮುಚ್ಚುವುದು, ಮಡಿಕೆಯ ಗೆರೆಗೆ ಬಣ್ಣ ತುಂಬುವುದು, ಹಿಂಬದಿಯ ಮೊಹರು ಹಾಗೂ ಸೀಸದಕಡ್ಡಿಯ ಬರಹಗಳು ಬಟ್ಟೆಯಡಿ ಮರೆಯಾಗುವುದು ಸಾಮಾನ್ಯವಾಯಿತು. ವಿಂಡೋ ಕಾರ್ಡಿನ ಮೇಲಂಚನ್ನು, ಎಂದರೆ ಊರಿನ ಹೆಸರಿರುವ ಪಟ್ಟಿಯನ್ನೇ, ಕತ್ತರಿಸಿ ಚೌಕಟ್ಟಿಗೆ ಹೊಂದಿಸಿದ ಪ್ರತಿಗಳೂ ಇವೆ.

ಜಾನಪದ ಕ್ಷೇತ್ರಕಾರ್ಯದ ಅನುಭವವುಳ್ಳವರಿಗೆ ಇದರ ಅಪಾಯ ಕೂಡಲೇ ಅರ್ಥವಾಗುತ್ತದೆ. ಹಾಡಿನ ಪಠ್ಯವನ್ನು ಬರೆದುಕೊಂಡು ಹಾಡಿದವಳ ಹೆಸರು, ಊರು, ಸಂದರ್ಭಗಳನ್ನು ದಾಖಲಿಸದೆ ಬಿಟ್ಟ ಹಳೆಯ ಸಂಕಲನಗಳ ಕೊರತೆ ಇಂದು ಎಲ್ಲರಿಗೂ ತಿಳಿದಿದೆ. ಬೀಸುವಾಗ ಹಾಡಿದ್ದೋ ಸೋಬಾನೆಯಲ್ಲಿ ಹಾಡಿದ್ದೋ ತಿಳಿಯದ ಹಾಡು ಅರ್ಧ ಮಾತ್ರ ಉಳಿದ ಹಾಡು. ಅದೇ ರೀತಿ, ಯಾವ ಊರಿನ ಯಾವ ಚಿತ್ರಮಂದಿರದಲ್ಲಿ ಯಾವ ವಾರ ಇತ್ತು ಎಂಬ ಗುರುತನ್ನು ಕಳೆದುಕೊಂಡ ಭಿತ್ತಿಪತ್ರದಲ್ಲಿ ಸಂಸ್ಥೆಯ ಮಾತು ಉಳಿಯುತ್ತದೆ, ಬಳಸಿದ ಜನರ ಮಾತು ಅಳಿಸಿಹೋಗುತ್ತದೆ. ಸಂರಕ್ಷಣೆಯ ಹೆಸರಿನಲ್ಲಿ ನಡೆಯುವ ಈ ಅಳಿಸುವಿಕೆಯೇ ಇಂದಿನ ಸಂಗ್ರಹಪ್ರವೃತ್ತಿಯ ಮುಖ್ಯ ದೋಷವೆನ್ನಬಹುದು.

ಸಾರ್ವಜನಿಕ ಸಂಸ್ಥೆಗಳು ಈ ನಿಟ್ಟಿನಲ್ಲಿ ಬೇರೊಂದು ಮಾದರಿಯನ್ನು ಒದಗಿಸುತ್ತವೆ. ಆಸ್ಕರ್ ಪ್ರಶಸ್ತಿಗಳನ್ನು ನೀಡುವ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯ, ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಕೇಂದ್ರ ಇವು ಭಿತ್ತಿಪತ್ರಗಳ ಮಹತ್ತ್ವದ ಸಂಗ್ರಹಗಳನ್ನು ಹೊಂದಿವೆ. ರ‍್ಯಾನ್ಸಮ್ ಕೇಂದ್ರದಲ್ಲಿರುವ ಕಾಗದಗಳಲ್ಲಿ ಟೆಕ್ಸಾಸ್‌ನ ಇಂಟರ್‌ಸ್ಟೇಟ್ ಎಂಬ ಚಿತ್ರಮಂದಿರಗಳ ಸಮೂಹದಿಂದ ಬಂದವೂ ಸೇರಿವೆ. ಒಂದೇ ಪ್ರದೇಶದ ಚಿತ್ರಮಂದಿರಗಳಿಂದ ಬಂದ ಕಾಗದಗಳು ಒಟ್ಟಾಗಿ ಉಳಿದಾಗ ಆ ಪ್ರದೇಶದ ಜನರ ಮುಂದೆ ಏನಿತ್ತು ಎಂಬ ಚಿತ್ರಣ ಸಿಗುತ್ತದೆ. ಬಿಡಿಬಿಡಿಯಾಗಿ ಹರಾಜಾದ ಮೇಲೆ ಅದನ್ನು ಮರಳಿ ಕಟ್ಟುವುದು ಕಠಿಣ.

ಕನ್ನಡದ ಸಂದರ್ಭ

ಹಾಲಿವುಡ್‌ನ ಸಂಗೀತಚಿತ್ರಗಳು ಭಾರತಕ್ಕೂ ಬಂದವು. ಎಂ.ಜಿ.ಎಂ. ಸಂಸ್ಥೆಯು 1935ರಲ್ಲಿ ಕಲ್ಕತ್ತೆಯಲ್ಲಿಯೂ 1938ರಲ್ಲಿ ಮುಂಬಯಿಯಲ್ಲಿಯೂ ತನ್ನದೇ ಆದ ಮೆಟ್ರೊ ಚಿತ್ರಮಂದಿರಗಳನ್ನು ತೆರೆಯಿತು. ಬೆಂಗಳೂರಿನ ದಂಡು ಪ್ರದೇಶದ ಸೌತ್ ಪೆರೇಡ್‌ನಲ್ಲಿ, ಎಂದರೆ ಈಗಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, 1936ರಲ್ಲಿ ಆರಂಭವಾದ ಪ್ಲಾಜಾ ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿತ್ತು. ಆ ಕಟ್ಟಡ ಇಂದು ಇಲ್ಲ. ಕಲ್ಲಚ್ಚೂ ಕನ್ನಡ ನಾಡಿಗೆ ಹೊಸದಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದಲೇ ಕೆಲಸ ಆರಂಭಿಸಿತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಮುದ್ರಣಗೊಂಡದ್ದು ಆ ವಿಧಾನದಲ್ಲಿ.

ಹಾಡನ್ನು ಕಾಗದದ ಮೇಲೆ ಸಾರುವ ಪದ್ಧತಿ ಕನ್ನಡದಲ್ಲಿ ವೃತ್ತಿನಾಟಕ ಕಂಪನಿಗಳಿಂದ ಬೆಳೆದು ಬಂದುದು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯೇ ಮೊದಲಾದವು ಊರಿಂದ ಊರಿಗೆ ಕ್ಯಾಂಪು ಹೂಡುವಾಗ ಕರಪತ್ರ ಹಂಚುತ್ತಿದ್ದವು. ನಾಟಕದ ಹೆಸರು, ಪಾತ್ರಧಾರಿಗಳು, ಸೀನರಿಯ ವರ್ಣನೆ, ಟಿಕೀಟಿನ ದರ ಇವೆಲ್ಲ ಅಂತಹ ಕಾಗದದಲ್ಲಿ ಸಿಗುವ ವಿವರಗಳು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ, ಕನ್ನಡದ ಮೊದಲ ಬಿಡುಗಡೆಯಾದ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ವೃತ್ತಿರಂಗಭೂಮಿಯ ಕಲಾವಿದರೂ ಹಾಡುಗಳೂ ಇದ್ದವು. ಅದರ ಪ್ರತಿ ಇಂದು ಉಳಿದಿಲ್ಲ. ‘ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ’ ಚಿತ್ರದ ಚರಿತ್ರಕಾರರಿಗೆ ಇರುವ ಕಷ್ಟವೇ ಕನ್ನಡ ಚಿತ್ರದ ಚರಿತ್ರಕಾರರಿಗೂ ಇದೆ. ಬಿಡಿ ಛಾಯಾಚಿತ್ರ, ಹಾಡಿನ ಪುಸ್ತಕ, ಜಾಹೀರಾತು, ನೆನಪುಗಳಿಂದ ಅದನ್ನು ಮತ್ತೆ ಕಟ್ಟಿಕೊಳ್ಳಬೇಕಾಗಿದೆ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾಗಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಪಿ.ಕೆ. ನಾಯರ್ ಅವರ ಕಾಲದಿಂದ ಚಿತ್ರಗಳೊಂದಿಗೆ ಭಿತ್ತಿಪತ್ರ ಹಾಗೂ ಹಾಡಿನ ಪುಸ್ತಕಗಳನ್ನೂ ಕೂಡಿಸುತ್ತ ಬಂದಿದೆ. ಆದರೆ ಜಿಲ್ಲೆ, ತಾಲ್ಲೂಕುಗಳ ಮಟ್ಟದ ಕಾಗದಗಳು ದೊರೆಯಬೇಕಾದರೆ ಮುಚ್ಚಿಹೋದ ಟಾಕೀಸುಗಳ ಉಗ್ರಾಣ, ಹಳೆಯ ಮುದ್ರಣಾಲಯ, ನಾಟಕ ಕಲಾವಿದರ ಮನೆಗಳಲ್ಲಿಯೇ ಹುಡುಕಬೇಕು.

ಸಮಾರೋಪ

ಅಮೆರಿಕದ ಸಂಗೀತಚಿತ್ರಗಳ ಭಿತ್ತಿಪತ್ರಗಳ ಚರಿತ್ರೆಯಿಂದ ಎರಡು ಪಾಠಗಳನ್ನು ಪಡೆಯಬಹುದು. ಒಂದು, ಉತ್ಪಾದಕರು ಬಿಸಾಡಿದ್ದನ್ನು ಆಸಕ್ತರು ಎತ್ತಿಟ್ಟುಕೊಂಡುದರಿಂದಲೇ ಒಂದು ಕಾಲದ ಜನಮನರಂಜನೆಯ ದಾಖಲೆ ಉಳಿಯಿತು. ಆದ್ದರಿಂದ ಖಾಸಗಿ ಸಂಗ್ರಾಹಕರನ್ನು ಹವ್ಯಾಸಿಗಳೆಂದು ಕಡೆಗಣಿಸುವುದು ಸರಿಯಲ್ಲ. ಎರಡು, ಕಾಗದವನ್ನು ಉಳಿಸುವುದು ಬೇರೆ, ಅದರ ಸಂದರ್ಭವನ್ನು ಉಳಿಸುವುದು ಬೇರೆ. ದೊರೆತ ಸ್ಥಳ, ಕೊಟ್ಟವರ ಮಾತು, ಹಿಂಬದಿಯ ಬರಹ, ಮೊಳೆಯ ಗುರುತು, ಮಡಿಕೆ, ಮುದ್ರಣಾಲಯದ ಹೆಸರು ಇವುಗಳನ್ನು ದುರಸ್ತಿಗೆ ಮೊದಲೇ ಛಾಯಾಚಿತ್ರಸಹಿತ ದಾಖಲಿಸುವ ಶಿಸ್ತು ಅಗತ್ಯ. ಜಾನಪದ ಕ್ಷೇತ್ರಕಾರ್ಯದಲ್ಲಿ ರೂಢಿಯಲ್ಲಿರುವ ಮಾಹಿತಿ ನಮೂನೆಯನ್ನೇ ತುಸು ಮಾರ್ಪಡಿಸಿ ಇದಕ್ಕೆ ಬಳಸಬಹುದು. ಅದಕ್ಕೆ ದೊಡ್ಡ ವೆಚ್ಚವಿಲ್ಲ. ಕರ್ನಾಟಕದ ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳ ಜಾನಪದ ವಸ್ತುಸಂಗ್ರಹಾಲಯಗಳೂ ನಾಟಕದ ಕರಪತ್ರ, ಚಿತ್ರಗಳ ಭಿತ್ತಿಪತ್ರ ಹಾಗೂ ಹಾಡಿನ ಪುಸ್ತಕಗಳನ್ನು ಈ ಶಿಸ್ತಿನೊಂದಿಗೆ ಸಂಗ್ರಹಿಸಲು ಮುಂದಾಗಬೇಕು. ಹಾಡಿದವರ ಧ್ವನಿ ಇಲ್ಲವಾದ ಮೇಲೆ ಆ ಹಾಡು ಯಾವ ಊರಿನಲ್ಲಿ, ಯಾವ ದಿನ, ಎಷ್ಟು ಕಾಸಿಗೆ ಕೇಳಸಿಗುತ್ತಿತ್ತು ಎಂಬುದನ್ನು ಹೇಳಲು ಆ ಕಾಗದವನ್ನು ಬಿಟ್ಟು ಬೇರೆ ಸಾಕ್ಷಿ ಇರುವುದಿಲ್ಲ.